ಹಳ್ಳ ಬಂದಾಗ ನಿಲ್ಲುವುದು ಹೇಡಿತನವಲ್ಲ



ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಗುರುವಂದನಾ ಕಾರ್ಯಕ್ರಮವನ್ನು ಏರ್ಪಡಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಾರ್ಯಕ್ರಮವಿದ್ದುದು ಬೆಳಿಗ್ಗೆ ಹತ್ತು ಗಂಟೆಗೆ. ದೂರದ ಊರುಗಳಿಂದ ಬರುವವರು ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದು ಸೇರಿದ್ದರು. ರಾತ್ರಿ ಹನ್ನೊಂದರ ಸುಮಾರಿಗೆ, ಊಟವೆಲ್ಲ ಮುಗಿದು ಹಾಸಿಗೆ ಹಾಸುವ ಹೊತ್ತಿಗೆ, ಇನ್ನೊಬ್ಬ ಶಿಷ್ಯ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಬಂದ. ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು. ಮುಖದಲ್ಲಿ ಮಾತ್ರ ಗೆದ್ದು ಬಂದವನ ಕಳೆ.

“ಹಳ್ಳ ಬಂದಿತ್ರಿ ಸರ್. ರಸ್ತೆ ಮ್ಯಾಲೆ ನೀರು ಹರೀತಿತ್ತು. ನಡುವ ಒಮ್ಮೆ ಗಾಡಿ ಅಡ್ಡ ಜಗ್ಗಿತು. ಆದ್ರ ನಾ ಎಕ್ಸಲರೇಟರ್ ಬಿಡಲಿಲ್ಲ. ಎಲ್ಲಾ ನಿಮ್ಮ ಆಶೀರ್ವಾದ” ಎಂದ. ನೆರೆದವರು ಚಪ್ಪಾಳೆ ತಟ್ಟಿದರು. “ಗುರುಭಕ್ತಿ ಅಂದ್ರ ಇದು” ಎಂದು ಯಾರೋ ಹೊಗಳಿದರು. ಅವನು ಕಾಲಿಗೆರಗಿದಾಗ ನಾನೂ ತಲೆಯ ಮೇಲೆ ಕೈಯಿಟ್ಟು ಹರಸಿದೆ. ಅವನ ಹೆಂಡತಿ ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಮಗ್ಗುಲಲ್ಲಿ ನಿಂತಿದ್ದಳು. ಆ ಮನೆಯಲ್ಲಿ ಆ ಹೊತ್ತು ನಗದೆ ಇದ್ದವಳು ಆಕೆ ಒಬ್ಬಳೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. “ಗಾಡಿ ಒಮ್ಮೆ ಅಡ್ಡ ಜಗ್ಗಿತು” ಎಂಬ ಮಾತು ಕಿವಿಯಲ್ಲಿ ಸುತ್ತುತ್ತಲೇ ಇತ್ತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ವಿಜ್ಞಾನ ಪಾಠ ಹೇಳಿದವನಿಗೆ ಆ ಮಾತಿನ ಅರ್ಥವಾಗದೆ ಇರುತ್ತದೆಯೇ? ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಂಡ ಕ್ಷಣ ಅದು. ಇನ್ನು ನಾಲ್ಕು ಬೆರಳು ನೀರು ಹೆಚ್ಚಿದ್ದರೆ ಮರುದಿನ ನನ್ನ ಕೊರಳಿಗೆ ಬೀಳುವ ಹಾರದ ಬದಲು ನಾಲ್ಕು ಹೆಣಗಳಿಗೆ ಹಾರ ಹುಡುಕಬೇಕಾಗುತ್ತಿತ್ತು. ಅವರು ಸಾಯುತ್ತಿದ್ದುದು ಯಾವುದಕ್ಕಾಗಿ? ನನಗೊಂದು ಶಾಲು ಹೊದಿಸುವುದಕ್ಕಾಗಿ! ಆಗಲೇ ಬೈಯಬೇಕಾಗಿತ್ತು, ಬೈಯಲಿಲ್ಲ. ಸಂತೋಷದ ಮನೆಯಲ್ಲಿ ಅಪಸ್ವರ ಬೇಡವೆಂದು ಸುಮ್ಮನಾದೆ. ಆ ಸುಮ್ಮನಾದ ತಪ್ಪನ್ನು ಇಂದು ತಿದ್ದಿಕೊಳ್ಳುತ್ತಿದ್ದೇನೆ. ಅವನೂ ಇದನ್ನು ಓದುತ್ತಾನೆಂದು ಬಲ್ಲೆ. ಓದಲಿ.

ನನ್ನ ವಾದ ಸರಳವಾದುದು. ರಾತ್ರಿಯ ಹೊತ್ತು ಹಳ್ಳಿಯ ರಸ್ತೆಯ ಮೇಲೆ ನೀರು ಹರಿಯುತ್ತಿರುವಾಗ ವಾಹನವನ್ನು ಅದರೊಳಗೆ ಇಳಿಸುವುದು ಸಾಹಸವಲ್ಲ, ಭಕ್ತಿಯಲ್ಲ, ಜಾಣತನವೂ ಅಲ್ಲ. ಒಳಗೆ ಕುಳಿತವರ ಪ್ರಾಣವನ್ನು ಅವರನ್ನು ಕೇಳದೆ ಪಣಕ್ಕೆ ಒಡ್ಡುವ ಕೆಲಸ ಅದು. ಅದನ್ನು ಮೆಚ್ಚುವ ನಾವೆಲ್ಲರೂ ಆ ಜೂಜಿನ ಪಾಲುದಾರರು.

ನಮ್ಮ ಭಾಗದ ಹಳ್ಳಗಳ ಸ್ವಭಾವವನ್ನು ಮೊದಲು ಹೇಳುತ್ತೇನೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಬೆಳೆಯುತ್ತಿರುವ ನಿಮ್ಮ ಮಕ್ಕಳಿಗೆ ಇದು ತಿಳಿದಿರಲಾರದು. ಬೆಣ್ಣೆಹಳ್ಳವನ್ನೇ ತೆಗೆದುಕೊಳ್ಳಿ. ಹೆಸರು ಬೆಣ್ಣೆ, ಬೇಸಿಗೆಯಲ್ಲಿ ನೋಡಿದರೆ ದನ ಮೈತೊಳೆಯಲೂ ಸಾಲದಷ್ಟು ನೀರು. ಶಿಗ್ಗಾಂವಿ, ಕುಂದಗೋಳ, ಹುಬ್ಬಳ್ಳಿಯ ಕಡೆಯಿಂದ ಹರಿದು ಬಂದು, ನವಲಗುಂದದ ಎರೆಭೂಮಿಯನ್ನು ಹಾಯ್ದು, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ಮಲಪ್ರಭೆಯನ್ನು ಸೇರುತ್ತದೆ. ಮಳೆಯಾಗುವುದು ಮೇಲಿನ ಸೀಮೆಯಲ್ಲಿ. ನೆರೆ ಬರುವುದು ಕೆಳಗಿನ ಸೀಮೆಗೆ. ತಲೆಯ ಮೇಲೆ ಚುಕ್ಕಿಗಳು ಹೊಳೆಯುತ್ತಿರುವಾಗಲೇ ಕಾಲ ಕೆಳಗೆ ಹಳ್ಳ ಬಂದುಬಿಡುತ್ತದೆ. ಎರೆಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಹೆಚ್ಚಿನ ನೀರನ್ನು ಕುಡಿಯುವುದಿಲ್ಲ. ಬಿದ್ದ ಮಳೆಯೆಲ್ಲ ಮೇಲ್ಮೈಯಲ್ಲೇ ಹರಿದು ಹಳ್ಳ ಸೇರುತ್ತದೆ. ನೆಲ ಸಮತಟ್ಟಾದುದರಿಂದ ದಂಡೆ ಮೀರಿದ ನೀರು ಹೊಲ, ರಸ್ತೆ ಎಂಬ ಭೇದವಿಲ್ಲದೆ ಅಗಲವಾಗಿ ಹರಡುತ್ತದೆ. ಆದ್ದರಿಂದಲೇ “ಇಲ್ಲಿ ಮಳೆಯೇ ಇಲ್ಲವಲ್ಲ, ಹಳ್ಳ ಹೇಗೆ ಬಂದೀತು?” ಎಂಬ ಪಟ್ಟಣದ ತರ್ಕ ನಮ್ಮ ಸೀಮೆಯಲ್ಲಿ ನಡೆಯುವುದಿಲ್ಲ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕದವರು ಯಾರೂ ಮರೆತಿಲ್ಲ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ ತಾಲೂಕಿನ ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರವೇ ಕಡಿದುಹೋಯಿತು. ಹೆದ್ದಾರಿಯ ಗತಿಯೇ ಹೀಗಾದರೆ ಹೊಲಗಳ ನಡುವಿನ ಮುಳುಗು ಸೇತುವೆಗಳ ಪಾಡನ್ನು ಕೇಳಬೇಕೆ?

ಇನ್ನು ಕರಿಹಲಗೆಯ ಮುಂದೆ ಬನ್ನಿ. ಎಂಟನೆಯ, ಒಂಬತ್ತನೆಯ ಇಯತ್ತೆಯಲ್ಲಿ ನಿಮಗೆಲ್ಲ ಆರ್ಕಿಮಿಡೀಸನ ತತ್ತ್ವವನ್ನು ಬಾಯಿಪಾಠ ಮಾಡಿಸಿದ್ದೆ. ಮುಳುಗಿದ ವಸ್ತುವಿನ ಮೇಲೆ ಅದು ಪಲ್ಲಟಗೊಳಿಸಿದ ದ್ರವದ ತೂಕದಷ್ಟೇ ಮೇಲ್ಮುಖ ಒತ್ತಡ ಇರುತ್ತದೆಂದು ಎಲ್ಲರೂ ಬರೆದು ಅಂಕ ಪಡೆದಿರಿ. ಈಗ ಅದನ್ನೇ ನಿಮ್ಮ ಕಾರಿಗೆ ಅನ್ವಯಿಸೋಣ. ಸಣ್ಣ ಕಾರೊಂದರ ಉದ್ದ ಸುಮಾರು 3.4 ಮೀಟರ್, ಅಗಲ 1.5 ಮೀಟರ್, ಅಡಿಭಾಗದ ವಿಸ್ತೀರ್ಣ ಸುಮಾರು 5 ಚದರ ಮೀಟರ್. ಅದರ ತೂಕ 800 ಕಿಲೋಗ್ರಾಂ ಎನ್ನೋಣ. ನೆಲದಿಂದ ಅದರ ಅಡಿ ಸುಮಾರು 17 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನೀರು ಆ ಅಡಿಯನ್ನು ಮುಟ್ಟಿದ ಮೇಲೆ ಪ್ರತಿ 10 ಸೆಂಟಿಮೀಟರ್ ಏರಿಕೆಗೆ ಅರ್ಧ ಘನಮೀಟರ್ ನೀರು, ಅಂದರೆ 500 ಕಿಲೋಗ್ರಾಂ ಭಾರದಷ್ಟು ಬಲ, ಕಾರನ್ನು ಮೇಲಕ್ಕೆ ಎತ್ತುತ್ತದೆ. 16 ಸೆಂಟಿಮೀಟರ್ ಏರಿದರೆ 800 ಕಿಲೋಗ್ರಾಂ. 17ಕ್ಕೆ 16 ಕೂಡಿಸಿ. 33 ಸೆಂಟಿಮೀಟರ್! ಒಂದು ಅಡಿಗಿಂತ ತುಸು ಹೆಚ್ಚು. ಒಳಗೆ ನಾಲ್ವರು ಕುಳಿತು 250 ಕಿಲೋಗ್ರಾಂ ಸೇರಿದರೆ ಇನ್ನೊಂದು 5 ಸೆಂಟಿಮೀಟರ್ ಬೇಕಾದೀತು, ಅಷ್ಟೇ. ಬಾಗಿಲ ಸಂದುಗಳಿಂದ ನೀರು ಒಳಗೆ ನುಗ್ಗಿ ಕಾರು ಮತ್ತೆ ಭಾರವಾಗುತ್ತದೆ ನಿಜ. ಆದರೆ ಹೊರಗಿನ ಸೆಳೆತ ಅಲ್ಲಿಯವರೆಗೆ ಕಾಯುವುದಿಲ್ಲ.

ಹೀಗೆ, ದೊಡ್ಡವರ ಮೊಣಕಾಲನ್ನೂ ಮುಟ್ಟದ ನೀರು ಒಂದು ಕಾರನ್ನು ನೆಲದಿಂದ ಬಿಡಿಸಬಲ್ಲದು. ಪೂರ್ತಿ ತೇಲುವುದಕ್ಕೂ ಮೊದಲೇ ಚಕ್ರಗಳ ಹಿಡಿತ ಸಡಿಲವಾಗಿರುತ್ತದೆ. ಆಗ ಪಕ್ಕದಿಂದ ಬರುವ ಸೆಳೆತವೊಂದು ಸಾಕು. ಹರಿವಿನ ವೇಗ ಎರಡರಷ್ಟಾದರೆ ಅದು ನೂಕುವ ಬಲ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ನೆನಪಿಡಿ. ಅಮೆರಿಕದ ಹವಾಮಾನ ಇಲಾಖೆ ತನ್ನ ಜನರಿಗೆ ವರ್ಷವರ್ಷವೂ ಹೇಳುವುದು ಇದನ್ನೇ: ರಭಸದಿಂದ ಹರಿಯುವ 6 ಇಂಚು ನೀರು ಆಳನ್ನು ಕೆಡವಬಲ್ಲದು, 12 ಇಂಚು ಸಣ್ಣ ಕಾರನ್ನು ಒಯ್ಯಬಲ್ಲದು, 2 ಅಡಿ ನೀರಿಗೆ ಹೆಚ್ಚಿನ ವಾಹನಗಳೆಲ್ಲ ಶರಣು. ಮೋಟಾರ್ ಸೈಕಲ್ಲಿನ ಮಾತಂತೂ ಹೇಳುವುದೇ ಬೇಡ. ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಇರುವುದು ಅದೊಂದೇ ವಾಹನ. ಕಾಲೂರಿ ನಿಲ್ಲುವವನ ಕಾಲನ್ನೇ ನೀರು ಮೊದಲು ಕೀಳುತ್ತದೆ.

ರಾತ್ರಿ ಏಕೆ ಇನ್ನೂ ಕೆಟ್ಟದ್ದು? ಹಗಲಿನಲ್ಲಿ ನೀರಿನ ಬಣ್ಣ, ಸುಳಿ, ತೇಲಿಬರುವ ಕಸಕಡ್ಡಿ, ಮುಳುಗಿದ ಕಲ್ಲುಗೂಟ, ಆಚೆ ದಂಡೆ ಎಲ್ಲವೂ ಕಾಣುತ್ತವೆ. ರಾತ್ರಿಯಲ್ಲಿ ವಾಹನದ ದೀಪ ನೀರಿನ ಮೇಲೆ ಓರೆಯಾಗಿ ಬಿದ್ದು ಮುಂದಕ್ಕೇ ಜಾರಿಹೋಗುತ್ತದೆ; ಕೆಸರುನೀರು ತೊಯ್ದ ಡಾಂಬರಿನಂತೆಯೇ ಕಾಣುತ್ತದೆ. ಆಳ ತಿಳಿಯದು, ಸೆಳೆತ ತಿಳಿಯದು, ರಸ್ತೆಯ ಅಂಚು ಎಲ್ಲಿ ಮುಗಿಯಿತೆಂಬುದೂ ತಿಳಿಯದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವವನು ನೀರನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ 25 ಮೀಟರ್ ಕಳೆದಿರುತ್ತದೆ. ತೊಯ್ದ ರಸ್ತೆಯಲ್ಲಿ ಗಾಡಿ ನಿಲ್ಲಲು ಮತ್ತೆ ಸುಮಾರು 35 ಮೀಟರ್ ಬೇಕು. ಕೂಡಿಸಿದರೆ 60 ಮೀಟರ್. ತಗ್ಗಿಸಿದ ದೀಪದ ಬೆಳಕು ಅಷ್ಟು ದೂರಕ್ಕೆ ಸ್ಪಷ್ಟವಾಗಿ ತೋರುವುದೇ ಇಲ್ಲ. ಎಷ್ಟೋ ಜನ ನೀರಿಗೆ ಇಳಿಯಬೇಕೆಂದು ಇಳಿದವರಲ್ಲ. ಇಳಿದ ಮೇಲೆ ನೀರೆಂದು ತಿಳಿದವರು. ಇನ್ನು ಹಗಲಾದರೆ “ಹೋಗಬ್ಯಾಡ್ರೀ” ಎಂದು ಕೂಗುವ ಒಬ್ಬ ಕುರಿಗಾಹಿಯಾದರೂ ಇರುತ್ತಾನೆ. ರಾತ್ರಿ ಅವನೂ ಇಲ್ಲ. ಕೂಗಿದರೆ ಕೇಳುವವರೂ ಇಲ್ಲ.

ಇದು ನಮ್ಮೊಂದು ಸೀಮೆಯ ಕಥೆಯಲ್ಲ. 2023ರ ಅಕ್ಟೋಬರ್ 1ರಂದು, ಮಧ್ಯರಾತ್ರಿ ಕಳೆದ ಮೇಲೆ, ಕೇರಳದ ಎರ್ನಾಕುಲಂ ಜಿಲ್ಲೆಯ ಗೋತುರುತ್‌ನಲ್ಲಿ ಭಾರಿ ಮಳೆಯ ನಡುವೆ ಮೊಬೈಲಿನ ನಕಾಶೆಯನ್ನು ನಂಬಿ ಹೋಗುತ್ತಿದ್ದ ಕಾರೊಂದು ಪೆರಿಯಾರ್ ನದಿಗೆ ಇಳಿಯಿತು. ಎದುರಿಗಿದ್ದುದು ನದಿ, ಅವರು ಭಾವಿಸಿದ್ದು ರಸ್ತೆಯ ಮೇಲೆ ನಿಂತ ಮಳೆನೀರೆಂದು. ಇಬ್ಬರು ತರುಣ ವೈದ್ಯರು ತೀರಿಕೊಂಡರು. 2024ರ ಜೂನ್‌ನಲ್ಲಿ ನಮ್ಮ ಗಡಿಯ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಹೊರಟಿದ್ದ ಇಬ್ಬರು ಯುವಕರು ಅಡ್ಡಗೋಡೆಯಿಲ್ಲದ ಸೇತುವೆಯ ಮೇಲಿನ ನೀರನ್ನು ಅಲ್ಪವೆಂದು ಬಗೆದು ಮುಂದುವರಿದರು. ಕಾರು ಕೊಚ್ಚಿಹೋಗಿ ಮರವೊಂದಕ್ಕೆ ಸಿಕ್ಕಿಕೊಂಡಿತು. ಅವರು ಹೊರಗೆ ಬಂದು ಆಸರೆ ಹಿಡಿದು ನಿಂತುದರಿಂದ ಅಗ್ನಿಶಾಮಕ ದಳದವರು ಉಳಿಸಿದರು. ಆ ಮರ ಅಲ್ಲಿರದಿದ್ದರೆ? ಬೆಂಗಳೂರಿನವರು ನಗಬೇಕಾಗಿಲ್ಲ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ, ಹಾಡುಹಗಲು, ವಿಧಾನಸೌಧದ ಕೂಗಳತೆಯಲ್ಲಿ, ಇಪ್ಪತ್ತೆರಡು ವರ್ಷದ ಹೆಣ್ಣುಮಗಳೊಬ್ಬಳು ಕಾರಿನೊಳಗೆ ನೀರು ತುಂಬಿ ಜೀವ ಕಳೆದುಕೊಂಡಳು.

ಇಂಥ ಸುದ್ದಿಗಳನ್ನು ನಾವು ಬರೆಯುವ ರೀತಿಯನ್ನೂ ಗಮನಿಸಿ. “ಹಳ್ಳವು ಮೂವರನ್ನು ಬಲಿ ಪಡೆಯಿತು”, “ಕಾರು ಕೊಚ್ಚಿಹೋಯಿತು”, “ವಿಧಿಯಾಟ” ಎನ್ನುತ್ತೇವೆ. ಇಂಥ ವಾಕ್ಯಗಳಲ್ಲಿ ಕರ್ತೃಪದ ಯಾವುದು? ಹಳ್ಳ, ಕಾರು, ವಿಧಿ. ಸ್ಟೀಯರಿಂಗ್ ಹಿಡಿದ ಮನುಷ್ಯ ಎಲ್ಲಿಯೂ ಇಲ್ಲ! ಹಳ್ಳ ತನ್ನ ದಾರಿಯಲ್ಲಿ ತಾನು ಹರಿಯುತ್ತಿತ್ತು. ಅದರ ದಾರಿಗೆ ಹೋದವರು ನಾವು. ತಿಳಿಯದೆ ಬಿದ್ದವರನ್ನು ನಾನು ನಿಂದಿಸುತ್ತಿಲ್ಲ. ತೀರಿಹೋದವರ ಮನೆಯವರಿಗೆ ನೋವಾಗುವ ಮಾತನ್ನು ಆಡುವುದೂ ನನ್ನ ಉದ್ದೇಶವಲ್ಲ. ಆದರೆ ಬದುಕಿರುವವರಾದರೂ ವಾಕ್ಯವನ್ನು ಸರಿಯಾಗಿ ಬರೆಯುವುದನ್ನು ಕಲಿಯಬೇಕು.

ಈಗ ನಿಮ್ಮ ಸಮರ್ಥನೆಗಳಿಗೆ ಬರುತ್ತೇನೆ. ಎಲ್ಲವನ್ನೂ ಕೇಳಿದ್ದೇನೆ.

“ಇದು ನನಗೆ ಗೊತ್ತಿರುವ ರಸ್ತೆ.” ನಿನಗೆ ಗೊತ್ತಿರುವುದು ನಿನ್ನೆಯ ರಸ್ತೆ. ಮೇಲೆ ಹಾಯುವ ನೀರು ಮೊದಲು ಕೊರೆಯುವುದು ಕೆಳಮಗ್ಗುಲಿನ ಮಣ್ಣನ್ನು. ಡಾಂಬರು ಹಾಗೆಯೇ ಹಪ್ಪಳದಂತೆ ಉಳಿದು ಕೆಳಗೆ ಪೊಳ್ಳಾಗಿರುತ್ತದೆ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡದ ಬಳಿ ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಸಾವಿತ್ರಿ ನದಿಯ ಹಳೆಯ ಕಲ್ಲುಸೇತುವೆ ನೆರೆಯಲ್ಲಿ ಕುಸಿದು ಎರಡು ಸರ್ಕಾರಿ ಬಸ್ಸುಗಳು ನೀರಿಗೆ ಬಿದ್ದವು. ಆ ದಾರಿಯಲ್ಲಿ ದಿನವೂ ಓಡಾಡುವ ಬಸ್ಸುಗಳಿಗಿಂತ ಹೆಚ್ಚಾಗಿ ಆ ರಸ್ತೆಯನ್ನು ಬಲ್ಲವರು ಯಾರು?

“ಮುಂದಿನ ಗಾಡಿ ದಾಟಿತಲ್ಲ!” ಮುಂದಿನದು ಕಬ್ಬು ಹೇರಿದ ಲಾರಿಯಾಗಿರಬಹುದು, ನಿನ್ನದು ಅದಕ್ಕೆ ಹೋಲಿಸಿದರೆ ಬೆಂಕಿಪೆಟ್ಟಿಗೆ. ಅಲ್ಲದೆ ಅದು ದಾಟಿದ ಮೇಲೆ ಹತ್ತು ನಿಮಿಷ ಕಳೆದಿದೆ. ಹಳ್ಳಕ್ಕೆ ಹತ್ತು ನಿಮಿಷ ಬಹಳವಾಯಿತು.

“ನನ್ನದು ದೊಡ್ಡ ಗಾಡಿ, ಎತ್ತರದ ಗಾಡಿ.” ದೊಡ್ಡ ಗಾಡಿ ಎಂದರೆ ಅಗಲವಾದ ಅಡಿ, ಅಗಲವಾದ ಅಡಿ ಎಂದರೆ ನೀರಿಗೆ ಎತ್ತಲು ಹೆಚ್ಚು ಜಾಗ. ಜಾಹೀರಾತಿನಲ್ಲಿ ತೊರೆಯನ್ನು ಸೀಳಿಕೊಂಡು ಹೋಗುವ ವಾಹನದ ಮುಂದೆ ಆಳವನ್ನು ಮೊದಲೇ ಅಳೆದಿಟ್ಟವರು ಇರುತ್ತಾರೆ. ನಿನ್ನ ಮುಂದೆ ಯಾರಿದ್ದಾರೆ? 2024ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ಫರೀದಾಬಾದಿನಲ್ಲಿ ನೀರು ತುಂಬಿದ್ದ ರೈಲ್ವೆ ಅಂಡರ್‌ಪಾಸಿನಲ್ಲಿ ಸಿಲುಕಿ ಇಬ್ಬರು ಬ್ಯಾಂಕ್ ನೌಕರರು ಮಡಿದರು. ಅವರಿದ್ದುದೂ ದೊಡ್ಡ ವಾಹನದಲ್ಲೇ.

“ಆಸ್ಪತ್ರೆಗೆ ಹೋಗಬೇಕಾಗಿದ್ದರೆ?” ಇದೊಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಹೆರಿಗೆ ನೋವು, ಹಾವಿನ ಕಡಿತ, ಎದೆನೋವು ಇವು ಹಳ್ಳ ಇಳಿಯುವವರೆಗೆ ಕಾಯುವುದಿಲ್ಲ. ಆದರೂ ಕೇಳುತ್ತೇನೆ: ನೀರಿಗೆ ಇಳಿದ ಕಾರಿನಿಂದ ರೋಗಿ ಆಸ್ಪತ್ರೆಗೆ ಬೇಗ ತಲುಪುತ್ತಾನೆಯೇ? 108ಕ್ಕೋ 112ಕ್ಕೋ ಕರೆಮಾಡಿ ಆಚೆ ದಂಡೆಯ ನೆರವನ್ನು ಕೇಳುವುದು, ಬೇರೆ ದಾರಿ ಹತ್ತು ಹರದಾರಿ ಸುತ್ತಾದರೂ ಅದನ್ನೇ ಹಿಡಿಯುವುದು, ದಿನ ತುಂಬಿದ ಗರ್ಭಿಣಿಯನ್ನು ಮಳೆಗಾಲದಲ್ಲಿ ಮೊದಲೇ ಪಟ್ಟಣದ ನೆಂಟರ ಮನೆಯಲ್ಲಿ ಇರಿಸುವುದು, ಇವು ನಮ್ಮ ಕೈಯಲ್ಲಿರುವ ದಾರಿಗಳು. ಬೇರೆ ದಾರಿಯೇ ಇಲ್ಲದ ಊರುಗಳಿವೆ ಎಂದರೆ, ಅದು ಹಳ್ಳಕ್ಕೆ ಇಳಿಯುವುದಕ್ಕೆ ಸಮರ್ಥನೆಯಾಗದು, ಸೇತುವೆಯನ್ನು ಕೇಳುವುದಕ್ಕೆ ಸಮರ್ಥನೆಯಾದೀತು. ಎದೆಮುಟ್ಟಿ ಹೇಳಿ, ಹಳ್ಳಕ್ಕಿಳಿದವರಲ್ಲಿ ಎಷ್ಟು ಜನ ಆಸ್ಪತ್ರೆಗೆ ಹೊರಟವರು? ಹೆಚ್ಚಿನವರು ಮದುವೆಯಿಂದ ಮರಳುವವರು, ಜಾತ್ರೆಗೆ ಹೊರಟವರು, ಮರುದಿನದ ಕಚೇರಿಗೆ ಊರು ಸೇರಬೇಕಾದವರು. ಮತ್ತು ಮುದಿ ಮಾಸ್ತರನಿಗೆ ಶಾಲು ಹೊದಿಸಲು ಬಂದವರು.

ನಾನೂ ಹೀಗೆಯೇ ಇದ್ದೆ. 1981ರ ಮಳೆಗಾಲದ ಒಂದು ರಾತ್ರಿ ಹುಬ್ಬಳ್ಳಿಯಿಂದ ನಾನಿದ್ದ ಹಳ್ಳಿಗೆ ಕೊನೆಯ ಬಸ್ಸಿನಲ್ಲಿ ಹೊರಟಿದ್ದೆ. ಊರು ಇನ್ನು ಮೂರು ಮೈಲಿ ಇರುವಾಗ ಡ್ರೈವರ್ ಬಸ್ಸನ್ನು ನಿಲ್ಲಿಸಿ ಎಂಜಿನ್ ಆರಿಸಿದ. “ಹಳ್ಳ ಬಂದೈತಿ. ಇನ್ನ ಮುಂದ ಹೋಗೂದಿಲ್ಲ” ಎಂದ. ನೀರು ರಸ್ತೆಯ ಮೇಲೆ ಒಂದು ಗೇಣಿಗಿಂತ ಹೆಚ್ಚು ಇದ್ದಂತೆ ಕಾಣಲಿಲ್ಲ. ಬಸ್ಸಿನಲ್ಲಿ ಗದ್ದಲವೆದ್ದಿತು. ಒಬ್ಬರು ಅವನನ್ನು ಹೇಡಿ ಎಂದರು, ಒಬ್ಬರು ಕುಡಿದಿದ್ದಾನೆಂದರು, ಮೇಲಿನವರಿಗೆ ದೂರು ಬರೆಯುತ್ತೇವೆಂದರು. ದೂರನ್ನು ಬರೆಯಲು ಜೇಬಿನಿಂದ ಪೆನ್ನು ತೆಗೆದವನು ನಾನು. “ನಾಳೆ ಬೆಳಿಗ್ಗೆ ನನಗೆ ಶಾಲೆಯಿದೆ, ಹೊಣೆ ಯಾರು?” ಎಂದು ಏರಿದ ದನಿಯಲ್ಲಿ ಕೇಳಿದೆ. ಅವನು ಬೀಡಿ ಹಚ್ಚುತ್ತ, “ಸಾಲಿ ನಾಳೆನೂ ಇರ್ತೈತ್ರಿ ಮಾಸ್ತರ. ನೀವು ಇರಬೇಕಲ್ರಿ” ಎಂದ.

ರಾತ್ರಿಯೆಲ್ಲ ಸೀಟಿನ ಮೇಲೆ ಸೊಳ್ಳೆ ಹೊಡೆಯುತ್ತ, ಅವನನ್ನು ಶಪಿಸುತ್ತ ಕಳೆದೆವು. ಬೆಳಗಾದಾಗ ಹಳ್ಳ ಇಳಿದಿತ್ತು. ಮುಳುಗು ಸೇತುವೆಯ ನಡುಭಾಗ ಅಲ್ಲಿರಲಿಲ್ಲ. ಎರಡು ಆಳು ಉದ್ದದ ಕಂದಕ. ಕಪ್ಪು ಮಣ್ಣಿನ ಗೋಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿನಲ್ಲಿದ್ದವರು ನಲವತ್ತಕ್ಕೂ ಹೆಚ್ಚು ಜನ. ಒಬ್ಬರೂ ಮಾತನಾಡಲಿಲ್ಲ. ಅದಕ್ಕಿಂತಲೂ ನಾಚಿಕೆಯ ಸಂಗತಿಯೆಂದರೆ, ಅವನಿಗೆ ಒಬ್ಬರೂ ಕೈಮುಗಿಯಲಿಲ್ಲ. ನಾನೂ ಮುಗಿಯಲಿಲ್ಲ. ಮಣ್ಣು ತುಳಿಯುತ್ತ ಮೂರು ಮೈಲಿ ನಡೆದು ಶಾಲೆಗೆ ಹೋಗಿ ಹಾಜರಿ ಹಾಕಿದೆ. ದಾಟಿ ಬಂದವನಿಗೆ ಚಪ್ಪಾಳೆ ತಟ್ಟುತ್ತೇವೆ. ದಾಟದೆ ಉಳಿಸಿದವನ ಹೆಸರನ್ನೂ ಕೇಳುವುದಿಲ್ಲ. ಅವನ ಹೆಸರು ನನಗೆ ಇಂದಿಗೂ ತಿಳಿಯದು.

ನಮ್ಮ ಹಿರಿಯರು ಇದರಲ್ಲಿ ನಮಗಿಂತ ತಿಳಿದವರಾಗಿದ್ದರು. ಹಳ್ಳ ಬಂದಿತೆಂದರೆ ಚಕ್ಕಡಿಯ ಕೊಳ್ಳು ಹರಿದು, ಎತ್ತುಗಳಿಗೆ ಮೇವು ಹಾಕಿ, ಬುತ್ತಿ ಬಿಚ್ಚಿ ದಂಡೆಯಲ್ಲೇ ಕೂಡುತ್ತಿದ್ದರು. “ಹಳ್ಳ ಬಂದಿತ್ತು” ಎಂಬುದು ಎಲ್ಲ ತಡಕ್ಕೂ ಒಪ್ಪಿತವಾದ ಕಾರಣವಾಗಿತ್ತು. ಆ ಕಾರಣಕ್ಕಿದ್ದ ಮರ್ಯಾದೆಯನ್ನು ಕಳೆದವರು ಗಡಿಯಾರ ಕಟ್ಟಿದ ನನ್ನಂಥವರು. ಹಳ್ಳದಾಚೆಯಿಂದ ಬರುವ ಹುಡುಗನೊಬ್ಬ ಪರೀಕ್ಷೆಗೆ ತಡವಾಗಿ ಬಂದು “ಹಳ್ಳ ಬಂದಿತ್ರಿ ಸರ್” ಎಂದಾಗ ನಾನು ಅವನನ್ನು ಒಂದು ತಾಸು ಹೊರಗೆ ನಿಲ್ಲಿಸಿದ್ದುಂಟು. ಮುಂದಿನ ಸಲ ಅವನು ಹೊತ್ತಿಗೆ ಸರಿಯಾಗಿ ಬಂದ, ಎದೆಯವರೆಗೆ ತೊಯ್ದುಕೊಂಡು. ಆಗ ನಾನು “ಶಾಬಾಸ್” ಎಂದೆ. ಆ ಶಾಬಾಸನ್ನು ಹಿಂತೆಗೆದುಕೊಳ್ಳುವ ಶಕ್ತಿ ನನಗಿದ್ದಿದ್ದರೆ!

ಬಂಧುಗಳೇ, ವಿಶೇಷವಾಗಿ ಮನೆಯಲ್ಲಿ ಕಾಯುತ್ತ ಕುಳಿತವರೇ, ಈ ಮಾತು ನಿಮಗೆ. ಕತ್ತಲೆಯಲ್ಲಿ ನೀರಿನ ಮುಂದೆ ನಿಂತವನ ಜೇಬಿನಲ್ಲಿ ಫೋನ್ ಬಾರಿಸುತ್ತದೆ. “ಎಲ್ಲೀದಿ? ಊಟಕ್ಕ ಕಾಯಾಕತ್ತೇವಿ. ಇನ್ನೂ ಎಷ್ಟೊತ್ತು?” ಎಂದು ನಾವು ಕೇಳುತ್ತೇವೆ. ಅಕ್ಕರೆಯಿಂದಲೇ ಕೇಳುತ್ತೇವೆ. ಆದರೆ ಅಲ್ಲಿ ಅದು ಅಂಕುಶವಾಗಿ ಚುಚ್ಚುತ್ತದೆ. ಮದುವೆಗೆ ತಡವಾದರೆ ಮುನಿಸು, ಸೀಮಂತಕ್ಕೆ ಬಾರದಿದ್ದರೆ ವರ್ಷಗಟ್ಟಲೆ ಮಾತಿಲ್ಲ, ಮಣ್ಣಿಗೆ ಬರಲಿಲ್ಲವೆಂದರೆ ಜನ್ಮಪೂರ್ತಿ ನಿಷ್ಠುರ. ನಮ್ಮ ಈ ಮುನಿಸುಗಳೇ ಎಷ್ಟೋ ಜನರನ್ನು ನೀರಿಗೆ ನೂಕಿವೆ. ಮಳೆಗಾಲದ ರಾತ್ರಿ ಫೋನ್ ಮಾಡಿದರೆ ಒಂದೇ ಮಾತು ಹೇಳಿ: “ಇದ್ದಲ್ಲೇ ಇರು. ಬೆಳಕಾದ ಮ್ಯಾಲೆ ಬಾ.”

ಸರ್ಕಾರವನ್ನು ನಾನು ಬಿಟ್ಟಿದ್ದೇನೆಂದು ಭಾವಿಸಬೇಡಿ. ಹಳ್ಳದ ಮೇಲೆ ಮುಳುಗು ಸೇತುವೆಯನ್ನು ಕಟ್ಟುವುದೆಂದರೆ ವರ್ಷದಲ್ಲಿ ಕೆಲವು ದಿನ ಅದು ಮುಳುಗುವುದೆಂದು ತಿಳಿದೇ ಕಟ್ಟುವುದು. ಹಾಗಿದ್ದ ಮೇಲೆ ಮುಳುಗಿದಾಗ ಏನೆಂಬುದಕ್ಕೂ ವ್ಯವಸ್ಥೆ ಬೇಡವೇ? ಎರಡೂ ಕಡೆ ಆಳವನ್ನು ತೋರುವ ಬಣ್ಣದ ಕಂಬ, ರಾತ್ರಿ ದೀಪಕ್ಕೆ ಹೊಳೆಯುವ ಅಂಚುಗಲ್ಲು, ದಾರಿಗೆ ಅಡ್ಡಹಾಕುವ ಒಂದು ಸರಪಳಿ, ಮಳೆಗಾಲದ ನಾಲ್ಕು ತಿಂಗಳು ಅದನ್ನು ಕಾಯುವ ಊರಿನದೇ ಒಬ್ಬ ಆಳು. ಸೇತುವೆಯ ವೆಚ್ಚದ ಮುಂದೆ ಇದೆಲ್ಲ ಎಷ್ಟರ ಬಾಬತ್ತು? ನೀರು ಹಾಯುವಾಗ ದಾರಿಯನ್ನು ಮುಚ್ಚುವ ಅಧಿಕಾರ ಪಂಚಾಯಿತಿಗೆ ಇರಲಿ. ನಿಲ್ಲಿಸಿದ ಬಸ್ಸಿನ ಡ್ರೈವರನಿಗೆ ತಡದ ಕಾರಣಕ್ಕೆ ಶಿಕ್ಷೆಯಾಗಬಾರದು. 2021ರ ಅಕ್ಟೋಬರ್‌ನಲ್ಲಿ ಕೇರಳದ ಪೂಂಜಾರಿನಲ್ಲಿ ನೆರೆನೀರಿಗೆ ಸರ್ಕಾರಿ ಬಸ್ಸನ್ನು ಇಳಿಸಿದ ಚಾಲಕನನ್ನು ಅಮಾನತು ಮಾಡಿದರು. ಪ್ರಯಾಣಿಕರನ್ನು ಸುತ್ತಲಿನ ಜನ ಹೊರಗೆ ತಂದರು. ಇಳಿಸಿದವನಿಗೆ ಶಿಕ್ಷೆಯಾದದ್ದು ಸರಿ. ನಿಲ್ಲಿಸಿದವನಿಗೆ ಬಹುಮಾನ ಕೊಟ್ಟದ್ದನ್ನೂ ಒಮ್ಮೆ ಕೇಳಬೇಕೆಂಬ ಆಸೆ ನನಗೆ. ಆದರೆ ಕಂಬ ನೆಡುವವರೆಗೆ ನಿಮ್ಮ ವಿವೇಕಕ್ಕೆ ರಜೆಯೆಂದು ಅರ್ಥವಲ್ಲ.

ಕೊನೆಗೆ, ಮಾಸ್ತರನ ಚಟ, ನಾಲ್ಕು ಮಾತು ಬರೆದುಕೊಳ್ಳಿ. ನೀರು ಕಂಡರೆ ನಿಲ್ಲಿ, ಹಿಂದಕ್ಕೆ ತಿರುಗಿ, ಎತ್ತರದಲ್ಲಿ ಗಾಡಿ ನಿಲ್ಲಿಸಿ, ಹಿಂದಿನಿಂದ ಬರುವವರಿಗೂ ಸನ್ನೆ ಮಾಡಿ. ಅರಿಯದೆ ಸಿಕ್ಕಿಕೊಂಡು ಎಂಜಿನ್ ನಿಂತರೆ ಮತ್ತೆ ಮತ್ತೆ ಕೀ ತಿರುಗಿಸುತ್ತ ಕೂಡಬೇಡಿ. ಎಂಜಿನ್ನಿನೊಳಗೆ ನೀರು ಹೊಕ್ಕಿದ್ದರೆ ಅದು ಹತ್ತುವುದೂ ಇಲ್ಲ, ಉಳಿಯುವುದೂ ಇಲ್ಲ. ಕೂಡಲೇ ಬೆಲ್ಟ್ ಬಿಚ್ಚಿ, ವಿದ್ಯುತ್ ಇರುವಾಗಲೇ ಕಿಟಕಿಯ ಗಾಜನ್ನು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ಗಾಡಿಯ ಮೇಲೇರಿ 112ಕ್ಕೆ ಕರೆಮಾಡಿ. ಬಾಗಿಲನ್ನು ನಂಬಬೇಡಿ: ಹೊರಗೆ 60 ಸೆಂಟಿಮೀಟರ್ ನೀರಿದ್ದು ಒಳಗೆ ಇಲ್ಲದಿದ್ದರೆ, ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ ಸುಮಾರು 180 ಕಿಲೋಗ್ರಾಂ ಭಾರದಷ್ಟು ಬಲ ಬೀಳುತ್ತದೆ. ಗಾಜು ಒಡೆಯಬೇಕಾದರೆ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಿರಿ. ಮುಂಭಾಗದ ಗಾಜು ಪದರದ ಗಾಜು, ಅದು ಸುಲಭಕ್ಕೆ ಬಿಡುವುದಿಲ್ಲ. ಇವೆಲ್ಲ ತಪ್ಪಿ ಸಿಕ್ಕಿಕೊಂಡವರಿಗೆ. ಇದನ್ನು ಕಲಿತಿದ್ದೇನೆಂಬ ಧೈರ್ಯದಿಂದ ನೀರಿಗೆ ಇಳಿಯುವವನು ಪಾಠವನ್ನೇ ತಿಳಿದಿಲ್ಲ.

ಆ ರಾತ್ರಿ ಬಂದ ಶಿಷ್ಯನಿಗೆ ಎರಡು ಮಾತು. ಮಗೂ, ನಿನ್ನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ನನ್ನ ಆಶೀರ್ವಾದಕ್ಕೆ 800 ಕಿಲೋಗ್ರಾಂ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಶಕ್ತಿಯಿಲ್ಲ. ಇದ್ದಿದ್ದರೆ ನಾನು ನಿಮಗೆ ಆರ್ಕಿಮಿಡೀಸನನ್ನು ಕಲಿಸುತ್ತಲೇ ಇರಲಿಲ್ಲ. ನೀನು ಆಚೆ ದಂಡೆಯಲ್ಲಿ ನಿಂತು, “ಸರ್, ಹಳ್ಳ ಬಂದೈತಿ, ನಾಳೆ ಕಾರ್ಯಕ್ರಮಕ್ಕ ಬರಾಕ ಆಗೂದಿಲ್ಲ” ಎಂದು ಫೋನ್ ಮಾಡಿದ್ದರೆ, ಅದೇ ನನಗೆ ನಿಜವಾದ ಗುರುವಂದನೆಯಾಗುತ್ತಿತ್ತು. ನಿನ್ನ ಹೆಂಡತಿಗೆ ಆ ರಾತ್ರಿ ಹೇಳಬೇಕಾಗಿದ್ದ ಒಂದು ಮಾತು ನನ್ನಲ್ಲಿಯೇ ಉಳಿದಿದೆ. ತಂಗೀ, ತಪ್ಪಾಯಿತು. ನಿನ್ನ ಮುಖವನ್ನು ನೋಡಿಯೂ ನಾನು ಸುಮ್ಮನಿದ್ದೆ.

ಉಳಿದವರೆಲ್ಲರಿಗೂ ಒಂದು ಕೋರಿಕೆ. ನನಗೆ ವಯಸ್ಸಾಗಿದೆ. ಇಂದಲ್ಲ ನಾಳೆ ನನ್ನ ಸುದ್ದಿ ನಿಮಗೆ ಬರುತ್ತದೆ. ಅದು ಮಳೆಗಾಲದ ರಾತ್ರಿಯೇ ಆಗಿರಬಹುದು. ಆಗ ಕೊನೆಯ ಮುಖ ನೋಡಬೇಕೆಂದು ಯಾರೂ ಹಳ್ಳಕ್ಕೆ ಗಾಡಿ ಇಳಿಸಬೇಡಿ. ಸತ್ತವನು ಕಾಯಬಲ್ಲ, ಕಾಯದಿದ್ದರೂ ಅವನಿಗೆ ನಷ್ಟವಿಲ್ಲ. ನೀವು ಇದ್ದಲ್ಲಿಯೇ ಇದ್ದು, ಬೆಳಗಾದ ಮೇಲೆ, ಹಳ್ಳ ಇಳಿದ ಮೇಲೆ, ನಿಧಾನವಾಗಿ ಬನ್ನಿ. ತಡವಾಗಿ ಬಂದಿರೆಂದು ಈ ಸಲ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ.

ನಿಮ್ಮ ಕ್ಷೇಮವನ್ನು ಬಯಸುವ,
ನಿಮ್ಮ ಮಾಸ್ತರ